ಸಾಂದ್ರತೆ ಸರಿಯಾಗಿ ಅಳೆಯುವುದು ಹೇಗೆ: ಒಂದು ತಕ್ಕಡಿ, ಒಂದು ಲೋಟ ನೀರು, ಒಂದು ಎಳೆ ನೂಲು

ಗ್ರಾನೈಟ್ ಕಲ್ಲಿನ 40 ಗ್ರಾಂ ಚೂರೊಂದನ್ನು ಅಳತೆ ಜಾಡಿಗೆ ಹಾಕಿ ಸಾಂದ್ರತೆ ಲೆಕ್ಕ ಹಾಕಿದರೆ ಒಬ್ಬರಿಗೆ 2.2 ಬರುತ್ತದೆ, ಪಕ್ಕದವರಿಗೆ 3.1 ಬರುತ್ತದೆ. ಇಬ್ಬರ ಭಾಗಾಕಾರದಲ್ಲೂ ತಪ್ಪಿಲ್ಲ. ಒಬ್ಬರು ಗಾತ್ರವನ್ನು 18 ಮಿ.ಲೀ. ಎಂದು ಓದಿದ್ದಾರೆ, ಇನ್ನೊಬ್ಬರು 13 ಎಂದು. ಅದು ಇದ್ದದ್ದು ಸುಮಾರು 15, ಉತ್ತರ 2.67ರ ಹತ್ತಿರ ಬರಬೇಕಿತ್ತು.

ಸಾಂದ್ರತೆಯ ಪ್ರಯೋಗ ಕೆಡುವುದು ಹೆಚ್ಚಾಗಿ ಹೀಗೆಯೇ. ದ್ರವ್ಯರಾಶಿಯನ್ನು ಇನ್ನೂರು-ಮುನ್ನೂರು ರೂಪಾಯಿಯ ಡಿಜಿಟಲ್ ತಕ್ಕಡಿಯೂ ಚೆನ್ನಾಗಿಯೇ ತೋರಿಸುತ್ತದೆ. ಕೈಕೊಡುವುದು ಗಾತ್ರ. ಹಾಗಾಗಿ ಈ ಮಾರ್ಗದರ್ಶಿಯ ಬಹುಪಾಲು ಗಾತ್ರದ ಬಗ್ಗೆಯೇ ಇದೆ. ಅದನ್ನು ಜಾಡಿಯ ಗೆರೆಗಳಿಂದ ಬಿಡಿಸಿ ತಕ್ಕಡಿಗೇ ಒಪ್ಪಿಸುವ ಉಪಾಯ 4ನೇ ಹಂತದಲ್ಲಿದೆ. ಅವಸರವಿದ್ದರೆ 1 ಮತ್ತು 2ನ್ನು ಓದಿ ನೇರ ಅಲ್ಲಿಗೇ ಹೋಗಬಹುದು.

## ಶುರು ಮಾಡುವ ಮೊದಲು: ಮೂರು ಪದ, ಒಂದು ಸೂತ್ರ

ದ್ರವ್ಯರಾಶಿ ಎಂದರೆ ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಎಂಬುದು. ಗಾತ್ರ ಎಂದರೆ ಅದು ಎಷ್ಟು ಜಾಗ ಹಿಡಿಯುತ್ತದೆ ಎಂಬುದು. ಆಡುಮಾತಿನಲ್ಲಿ ‘ಗಾತ್ರ’ ಎಂದರೆ ದೊಡ್ಡದೋ ಚಿಕ್ಕದೋ ಎಂಬರ್ಥ ಬರುತ್ತದೆ, ಇಲ್ಲಿ ಮಾತ್ರ ಅದನ್ನು ಮಿಲಿಲೀಟರ್‌ನಲ್ಲೇ ಹೇಳಬೇಕು. ಒಂದು ಮಿಲಿಲೀಟರ್ ಜಾಗದಲ್ಲಿ ಎಷ್ಟು ಗ್ರಾಂ ಕೂತಿದೆ ಎಂಬುದೇ ಸಾಂದ್ರತೆ.

ಸಾಂದ್ರತೆ = ದ್ರವ್ಯರಾಶಿ ÷ ಗಾತ್ರ

ಕಲ್ಲನ್ನು ಒಡೆದು ಅರ್ಧ ಮಾಡಿದರೆ ದ್ರವ್ಯರಾಶಿ ಅರ್ಧವಾಗುತ್ತದೆ, ಗಾತ್ರವೂ ಅರ್ಧವಾಗುತ್ತದೆ, ಸಾಂದ್ರತೆ ಇದ್ದಂತೆಯೇ ಇರುತ್ತದೆ. ಮೊದಲಿನ ಎರಡು ಆ ತುಂಡಿಗೆ ಸೇರಿದ ಗುಣಗಳು, ಮೂರನೆಯದು ಆ ವಸ್ತುವಿಗೇ ಸೇರಿದ್ದು. ನೀವು ಅಳೆದದ್ದು ಸರಿಯೇ ಎಂದು ಪರೀಕ್ಷಿಸಲು ಕೊನೆಯಲ್ಲಿ ಇದನ್ನೇ ಬಳಸುತ್ತೇವೆ.

ಇನ್ನೊಂದು ಗೊಂದಲ: ಗಾತ್ರ ಬದಲಾಗದೆ ದ್ರವ್ಯರಾಶಿ ಮಾತ್ರ ಬದಲಾಗಬಹುದು, ಅದಕ್ಕೆ ತಿರುಗುಮುರುಗಾಗಿಯೂ ಆಗಬಹುದು. ಕೋಳಿಮೊಟ್ಟೆ ಹಳೆಯದಾದಂತೆ ಅದರೊಳಗಿನ ತೇವ ಚಿಪ್ಪಿನ ಸಣ್ಣ ರಂಧ್ರಗಳಿಂದ ಹೊರಹೋಗುತ್ತದೆ. ಚಿಪ್ಪಿನ ಹೊರ ಅಳತೆ ಹಾಗೇ ಉಳಿಯುತ್ತದೆ, ಸಾಂದ್ರತೆ ಇಳಿಯುತ್ತದೆ, ಮೊಟ್ಟೆ ನೀರಿನಲ್ಲಿ ತೇಲತೊಡಗುತ್ತದೆ. ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಯ ಕಥೆ ಬೇರೆ. 1 ಕಿಲೋ ನೀರು 1 ಕಿಲೋ ಮಂಜುಗಡ್ಡೆಯೇ ಆಗುತ್ತದೆ, ಆದರೆ ಗಾತ್ರ ಸುಮಾರು 1.09 ಲೀಟರ್‌ಗೆ ಏರುತ್ತದೆ. ಕತ್ತಿನವರೆಗೆ ತುಂಬಿಸಿದ ಬಾಟಲಿ ಒಡೆಯುವುದು ಅದಕ್ಕೇ.

## ಬೇಕಾದ ಸಾಮಾನು

1 ಗ್ರಾಂ ನಿಖರತೆಯ ಅಡುಗೆಮನೆ ತಕ್ಕಡಿ ಇದ್ದರೆ ಮುಷ್ಟಿಗಾತ್ರದ ವಸ್ತುಗಳಿಗೆ ಸಾಕು. ನಾಣ್ಯ, ಉಂಗುರದಂಥವನ್ನು ಅಳೆಯಲು 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕು, ಆದರೆ ಅದರ ಮಿತಿ ಸಾಮಾನ್ಯವಾಗಿ 200ರಿಂದ 500 ಗ್ರಾಂ. ನೀರು ತುಂಬಿದ ಗಾಜಿನ ಲೋಟ ಇಟ್ಟರೇ ಮಿತಿ ದಾಟಿಬಿಡಬಹುದು, ಹಗುರವಾದ ಪ್ಲಾಸ್ಟಿಕ್ ಲೋಟ ಇಟ್ಟುಕೊಳ್ಳಿ.

ಉಳಿದಂತೆ: 100 ಮಿ.ಲೀ. ಅಳತೆ ಜಾಡಿ, ಸೂಜಿ ತೆಗೆದ 10 ಮಿ.ಲೀ. ಸಿರಿಂಜ್, ಹೊಲಿಗೆಯ ನೂಲು ಅಥವಾ ಮೀನಿನ ಗಾಳದ ನೈಲಾನ್ ದಾರ, ಎರಡು ಹೆಣಿಗೆ ಕಡ್ಡಿ ಅಥವಾ ತೆಳು ತಂತಿ, ಸ್ಟೀಲಿನ ಅಳತೆಪಟ್ಟಿ, ಪುಸ್ತಕಗಳ ಎರಡು ಅಟ್ಟಿ, ಪಾತ್ರೆ ತೊಳೆಯುವ ಸೋಪಿನ ದ್ರವ ಒಂದು ತೊಟ್ಟು, ಒಣಬಟ್ಟೆ. ಜಾಡಿ ಸಿಗದಿದ್ದರೆ ಚಿಂತೆ ಬೇಡ, ಅದಿಲ್ಲದೆಯೂ ಕೆಲಸ ನಡೆಯುತ್ತದೆ. ಔಷಧಿ ಬಾಟಲಿಯ ಮುಚ್ಚಳ, ಮಗುವಿನ ಹಾಲಿನ ಬಾಟಲಿ, ಅಡುಗೆಯ ಕಪ್ಪು ಇವುಗಳ ಗೆರೆಗಳನ್ನು ಮಾತ್ರ ನಂಬಬೇಡಿ. ಅವನ್ನು ಹಾಕಿರುವುದು ಅಂದಾಜಿಗೆ.

## ಹಂತ 1: ತಕ್ಕಡಿಯನ್ನು ಪರೀಕ್ಷಿಸಿ

ತಕ್ಕಡಿಯನ್ನು ಗಟ್ಟಿಯಾದ, ಸಮತಟ್ಟಾದ ಜಾಗದಲ್ಲಿಡಿ. ಮಂಚವೂ ಬೇಡ, ಅಲ್ಲಾಡುವ ಪ್ಲಾಸ್ಟಿಕ್ ಮೇಜೂ ಬೇಡ. ಫ್ಯಾನ್ ಆರಿಸಿ. 0.01 ಗ್ರಾಂ ತಕ್ಕಡಿಯಲ್ಲಿ ಫ್ಯಾನ್ ಗಾಳಿಗೇ ಅಂಕಿ ಕುಣಿಯುತ್ತದೆ.

ಪರೀಕ್ಷೆಗೆ ನಾಣ್ಯಗಳು ಚೆನ್ನ. ರೂಪಾಯಿ ಚಿಹ್ನೆ ಇರುವ 2011ರ ಸರಣಿಯ 1 ರೂಪಾಯಿ ನಾಣ್ಯ 3.79 ಗ್ರಾಂ, ವ್ಯಾಸ 22 ಮಿ.ಮೀ. ಇಂಥ 20 ನಾಣ್ಯ ಇಟ್ಟರೆ 75.8 ಗ್ರಾಂ ತೋರಿಸಬೇಕು. ಅಡುಗೆಮನೆ ತಕ್ಕಡಿ 75 ಅಥವಾ 76 ತೋರಿಸಿದರೆ ಸಾಕು. 2019ರಲ್ಲಿ ಬಂದ ಸರಣಿಯ 1 ರೂಪಾಯಿ ಬರೀ 3.09 ಗ್ರಾಂ, ವ್ಯಾಸ 20 ಮಿ.ಮೀ. ಎರಡನ್ನೂ ಬೆರೆಸಿ ಇಟ್ಟು ತಕ್ಕಡಿಯನ್ನು ಬೈಯಬೇಡಿ. ಅದೇ ನಾಣ್ಯಗಳನ್ನು ತಟ್ಟೆಯ ನಾಲ್ಕು ಮೂಲೆಗೂ ಸರಿಸಿ ನೋಡಿ. ಮೂಲೆಗೊಂದು ಅಂಕಿ ಬಂದರೆ ಮುಂದೆ ಎಲ್ಲವನ್ನೂ ನಟ್ಟನಡುವೆಯೇ ಇಡಬೇಕು.

ಎರಡು ಕಾಟಗಳ ಬಗ್ಗೆ ಎಚ್ಚರವಿರಲಿ. ಬಹಳಷ್ಟು ತಕ್ಕಡಿಗಳು ಒಂದೆರಡು ನಿಮಿಷ ಸುಮ್ಮನಿದ್ದರೆ ತಾವಾಗಿಯೇ ಆರಿಹೋಗುತ್ತವೆ, ನೀವು ಸೊನ್ನೆ ಮಾಡಿಟ್ಟದ್ದೂ ಅದರೊಂದಿಗೇ ಹೋಗುತ್ತದೆ. ಆದ್ದರಿಂದ ನೂಲು ಕಟ್ಟುವ ಕೆಲಸ ಮೊದಲು ಮುಗಿಸಿ, ಆಮೇಲೆ ಸೊನ್ನೆ ಮಾಡಿ. ಎರಡನೆಯದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ: ಅಂಕಿ ಸೊನ್ನೆಯಲ್ಲಿದ್ದಾಗ ತೊಟ್ಟು ತೊಟ್ಟಾಗಿ ನೀರು ಬಿಟ್ಟರೆ, ಆ ಸಣ್ಣ ಏರಿಕೆಯನ್ನು ತಕ್ಕಡಿ ತನ್ನದೇ ದೋಷವೆಂದು ತಿಳಿದು ಅಳಿಸುತ್ತಾ ಹೋಗುತ್ತದೆ. ಹತ್ತು ತೊಟ್ಟು ಬಿದ್ದರೂ ಸೊನ್ನೆಯೇ ತೋರಿಸುತ್ತದೆ. ದ್ರವವನ್ನು ನಿಧಾನವಾಗಿ ಹಾಕುವುದಿದ್ದರೆ ಸೊನ್ನೆ ಮಾಡಬೇಡಿ. ಖಾಲಿ ಪಾತ್ರೆಯ ಅಂಕಿ ಬರೆದುಕೊಂಡು ಕೊನೆಯಲ್ಲಿ ಕಳೆಯಿರಿ.

## ಹಂತ 2: ಮೊದಲು ದ್ರವ್ಯರಾಶಿ, ಅದೂ ಒಣಗಿದ್ದಾಗ

ಈ ಕ್ರಮ ತಪ್ಪಬಾರದು. ವಸ್ತು ಒಮ್ಮೆ ನೀರಿಗೆ ಬಿದ್ದರೆ ಮೇಲ್ಮೈಗೆ ಅಂಟಿದ ನೀರು ಅದರ ಜೊತೆಗೇ ತೂಗುತ್ತದೆ. ಮುಷ್ಟಿಗಾತ್ರದ ಒರಟು ಕಲ್ಲಿಗೆ ಇದು ಒಂದೆರಡು ಗ್ರಾಂ ಅಷ್ಟೇ. ಇಟ್ಟಿಗೆ ಚೂರು, ಹೆಂಚು, ಮರ ಇವು ಮಾತ್ರ ನೀರನ್ನು ಹೀರಿಕೊಂಡು ಹತ್ತಾರು ಗ್ರಾಂ ಹೆಚ್ಚಾಗಬಹುದು. ಎರಡನೇ ಸಲ ಅಳೆಯುವಾಗ ಹಿಂದಿನ ಸಲ ನೆನೆದ ತುಂಡನ್ನೇ ತೂಗಿ, ‘ಉತ್ತರ ಯಾಕೋ ಬೇರೆ ಬಂತು’ ಎಂದುಕೊಳ್ಳುವುದು ತರಗತಿಗಳಲ್ಲಿ ಮಾಮೂಲು.

ಅಂಕಿ ನಿಂತ ಮೇಲೆ ಓದಿ, ಎತ್ತಿ, ಮತ್ತೆ ಇಟ್ಟು ಓದಿ. ಎರಡೂ ಒಂದೇ ಆದರೆ ಬರೆದುಕೊಳ್ಳಿ.

ತಕ್ಕಡಿ ಅಳೆಯುವುದು ತೂಕವನ್ನಲ್ಲವೇ, ದ್ರವ್ಯರಾಶಿಯನ್ನು ಹೇಗೆ ಎಂಬ ಪ್ರಶ್ನೆ ಏಳಬಹುದು. ನಿಜ, ಅದು ಅಳೆಯುವುದು ಭೂಮಿ ಎಳೆಯುವ ಬಲವನ್ನು. ಆ ಬಲವನ್ನು ಗ್ರಾಂಗೆ ಬದಲಿಸಿ ತೋರಿಸುವಂತೆ ಅದನ್ನು ಹೊಂದಿಸಿರುತ್ತಾರೆ. ಭೂಮಿಯ ಮೇಲೆ ಮನೆಯಲ್ಲಿ ಮಾಡುವ ಕೆಲಸಕ್ಕೆ ಈ ವ್ಯತ್ಯಾಸ ಅಡ್ಡಬರುವುದಿಲ್ಲ.

## ಹಂತ 3: ಜಾಡಿಯಲ್ಲಿ ಗಾತ್ರ ಅಳೆಯುವುದು

ಇಟ್ಟಿಗೆಯಂತೆ ಚೌಕವಾಗಿರುವ ವಸ್ತುವಿಗೆ ಉದ್ದ, ಅಗಲ, ಎತ್ತರ ಗುಣಿಸಿದರೆ ಮುಗಿಯಿತು. ಸೆಂಟಿಮೀಟರ್‌ನಲ್ಲಿ ಅಳೆದರೆ ಉತ್ತರ ಘನ ಸೆಂಟಿಮೀಟರ್‌ನಲ್ಲಿ ಬರುತ್ತದೆ, 1 ಘನ ಸೆಂಟಿಮೀಟರ್ ಎಂದರೆ 1 ಮಿ.ಲೀ. ಅಂಕುಡೊಂಕಾದವನ್ನು ನೀರಿನಲ್ಲಿ ಮುಳುಗಿಸಬೇಕು.

1. ಜಾಡಿಗೆ ಅರ್ಧದಷ್ಟು ನೀರು ಹಾಕಿ. ಒಳಗೋಡೆಗೆ ಅಂಟಿದ ತೊಟ್ಟುಗಳು ಇಳಿಯಲು ಒಂದು ನಿಮಿಷ ಬಿಡಿ.
2. ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೇ ತನ್ನಿ. ನೀರು ಅಂಚಿನಲ್ಲಿ ಮೇಲೇರಿ ನಡುವೆ ತಗ್ಗಾಗಿರುತ್ತದೆ. ಆ ತಗ್ಗಿನ ತಳವನ್ನು ಓದಬೇಕು.
3. ಜಾಡಿಯನ್ನು ವಾಲಿಸಿ ವಸ್ತುವನ್ನು ಗೋಡೆಯುದ್ದಕ್ಕೂ ಜಾರಿಸಿ. ಮೇಲಿಂದ ಬೀಳಿಸಿದರೆ ಗಾಜಿನ ತಳ ಒಡೆಯುತ್ತದೆ, ಒಡೆಯದಿದ್ದರೂ ನೀರು ಸಿಡಿಯುತ್ತದೆ.
4. ಬೆರಳಿನಿಂದ ಜಾಡಿಯನ್ನು ಮೆಲ್ಲಗೆ ತಟ್ಟಿ ಗುಳ್ಳೆಗಳನ್ನು ಬಿಡಿಸಿ. ಹಟ ಮಾಡುವ ಗುಳ್ಳೆಗಳಿಗೆ ಒಂದು ತೊಟ್ಟು ಸೋಪು.
5. ಮತ್ತೆ ಬಗ್ಗಿ ಓದಿ. ಎರಡು ಅಂಕಿಗಳ ವ್ಯತ್ಯಾಸವೇ ಗಾತ್ರ.

ಕಣ್ಣು ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಇದ್ದದ್ದಕ್ಕಿಂತ ಹೆಚ್ಚು ಓದುತ್ತೀರಿ, ಕೆಳಗಿದ್ದರೆ ಕಡಿಮೆ. ಎರಡು ಸಲವೂ ಒಂದೇ ಕಡೆ ತಪ್ಪಿದರೆ ಬಹುಪಾಲು ಹೊಂದಿಹೋಗುತ್ತದೆ. ಮೊದಲ ಸಲ ಶ್ರದ್ಧೆಯಿಂದ ಬಗ್ಗಿ, ಎರಡನೇ ಸಲ ನಿಂತುಕೊಂಡೇ ಓದುವವರಿಗೇ ತಪ್ಪು ಪೂರ್ತಿಯಾಗಿ ತಟ್ಟುವುದು.

ಒಂದು ನಾಣ್ಯದ ಗಾತ್ರ ಅರ್ಧ ಮಿ.ಲೀ. ಇದ್ದೀತು. 1 ಮಿ.ಲೀ.ಗೆ ಒಂದು ಗೆರೆ ಇರುವ ಜಾಡಿಯಲ್ಲಿ ಅದು ಕಾಣುವುದೇ ಇಲ್ಲ. ಹಾಗಾಗಿ ಒಂದೇ ಬಗೆಯ 20 ನಾಣ್ಯ ಹಾಕಿ. ನೀರು 50ರಿಂದ 60ರ ಹತ್ತಿರಕ್ಕೆ ಏರುತ್ತದೆ. 75.8 ÷ 10 ಎಂದರೆ 7.6, ಸ್ಟೇನ್‌ಲೆಸ್ ಸ್ಟೀಲಿಗೆ ಒಪ್ಪುವ ಅಂಕಿ. ನಾಣ್ಯಗಳು ಒಂದರ ಮೇಲೊಂದು ಅಂಟಿ ಕೂತು ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತವೆ, ಜಾಡಿ ಕುಲುಕಿ.

ಮೂತಿ ಇರುವ ಪಾತ್ರೆಯಿಂದ, ಮನೆಯಲ್ಲಿ ಗಿಂಡಿಯಿಂದ, ಹೊರಚೆಲ್ಲಿದ ನೀರನ್ನು ಹಿಡಿದು ಅಳೆಯುವ ಪದ್ಧತಿಯೂ ಇದೆ. ಚಿತ್ರದಲ್ಲಿ ಸೊಗಸಾಗಿ ಕಾಣುತ್ತದೆ, ಕೈಯಲ್ಲಿ ಸರಿಬರುವುದಿಲ್ಲ. ಮೂತಿಯ ಅಂಚಿನಲ್ಲಿ ನೀರು ಉಬ್ಬಿ ನಿಲ್ಲುತ್ತದೆ, ಬೀಳಬೇಕಾದ ಕೊನೆಯ ತೊಟ್ಟುಗಳು ಬೀಳುವುದಿಲ್ಲ. ಚಿಕ್ಕ ವಸ್ತುಗಳಿಗೆ ಇದನ್ನು ಬಳಸಲೇಬೇಡಿ.

## ಹಂತ 4: ತಕ್ಕಡಿಯಿಂದಲೇ ಗಾತ್ರ — ತೂಗುಹಾಕುವ ವಿಧಾನ

ಒಂದೇ ವಿಧಾನ ಕಲಿಯುವುದಾದರೆ ಇದನ್ನು ಕಲಿಯಿರಿ.

1. ವಸ್ತುವಿಗೆ ನೂಲು ಕಟ್ಟಿ. ಒಣ ದ್ರವ್ಯರಾಶಿ ಈಗಾಗಲೇ ಬರೆದಿಟ್ಟಿದ್ದೀರಿ.
2. ತಕ್ಕಡಿಯ ಎಡಕ್ಕೂ ಬಲಕ್ಕೂ ಪುಸ್ತಕದ ಅಟ್ಟಿ ಇಟ್ಟು ಮೇಲೆ ಅಡ್ಡಲಾಗಿ ಅಳತೆಪಟ್ಟಿ ಇಡಿ. ಅಟ್ಟಿಗಳು ಮೇಜಿನ ಮೇಲಿರಬೇಕು. ತಕ್ಕಡಿಯ ತಟ್ಟೆಯನ್ನು ಮುಟ್ಟಬಾರದು.
3. ಮುಕ್ಕಾಲು ನೀರಿರುವ ಲೋಟವನ್ನು ತಕ್ಕಡಿಯ ನಡುವೆ ಇಟ್ಟು ಸೊನ್ನೆ ಮಾಡಿ.
4. ನೂಲನ್ನು ಪಟ್ಟಿಗೆ ಕಟ್ಟಿ, ವಸ್ತು ಪೂರ್ತಿ ಮುಳುಗುವಷ್ಟು ಇಳಿಬಿಡಿ. ತಳವನ್ನೂ ಗೋಡೆಯನ್ನೂ ಮುಟ್ಟಬಾರದು.
5. ಗುಳ್ಳೆ ಬಿಡಿಸಿ, ಅಂಕಿ ಓದಿ. ತಕ್ಕಡಿ ತೋರಿಸಿದ ಗ್ರಾಂಗಳೇ ವಸ್ತುವಿನ ಗಾತ್ರದ ಮಿಲಿಲೀಟರ್‌ಗಳು.

ಹೇಗೆ? ಮುಳುಗಿದ ವಸ್ತುವನ್ನು ನೀರು ಮೇಲಕ್ಕೆ ತಳ್ಳುತ್ತದೆ. ಆ ತಳ್ಳುವ ಬಲ, ವಸ್ತು ಸರಿಸಿದ ನೀರಿನ ತೂಕಕ್ಕೆ ಸಮ. ಇದು ಆರ್ಕಿಮಿಡೀಸ್ ತತ್ವ. ನೀರು ವಸ್ತುವನ್ನು ಮೇಲಕ್ಕೆ ಎಷ್ಟು ತಳ್ಳುತ್ತದೋ, ವಸ್ತು ನೀರನ್ನು ಕೆಳಕ್ಕೆ ಅಷ್ಟೇ ತಳ್ಳುತ್ತದೆ. ತಕ್ಕಡಿಗೆ ಹೆಚ್ಚುವರಿಯಾಗಿ ತಗಲುವುದು ಅದೊಂದೇ, ಮಿಕ್ಕ ಭಾರವನ್ನೆಲ್ಲ ನೂಲು ಹೊತ್ತಿರುತ್ತದೆ. 1 ಮಿ.ಲೀ. ನೀರು ಹೆಚ್ಚುಕಡಿಮೆ 1 ಗ್ರಾಂ ಆದ್ದರಿಂದ ಗ್ರಾಂ ಓದಿದರೆ ಮಿಲಿಲೀಟರ್ ಓದಿದಂತೆ.

ಒಂದು ಲೆಕ್ಕ ನೋಡಿ. ಕಲ್ಲಿನ ಒಣ ದ್ರವ್ಯರಾಶಿ 152 ಗ್ರಾಂ. ತೂಗುಹಾಕಿದಾಗ ತಕ್ಕಡಿ 57 ತೋರಿಸಿತು. 152 ÷ 57 = 2.67. ಇನ್ನೂ ಸೂಕ್ಷ್ಮ ಬೇಕೆಂದರೆ ನೀರಿನ ಬಿಸಿಯನ್ನು ಗಣಿಸಿ: 30 ಡಿಗ್ರಿ ನೀರಿನ ಸಾಂದ್ರತೆ 0.9957. 57 ÷ 0.9957 = 57.2 ಮಿ.ಲೀ., ಸಾಂದ್ರತೆ 2.66. ಅಡುಗೆಮನೆ ತಕ್ಕಡಿಗೆ ಈ ತಿದ್ದುಪಡಿ ಬೇಕಿಲ್ಲ, ಅದರ 1 ಗ್ರಾಂ ಅನಿಶ್ಚಿತತೆಯೇ ಇದಕ್ಕಿಂತ ದೊಡ್ಡದು. ಕಾಯಿಸಿದ ನೀರು ಮಾತ್ರ ಬೇಡ; 60 ಡಿಗ್ರಿಗೆ ಅದು 0.983ಕ್ಕೆ ಇಳಿದಿರುತ್ತದೆ.

ಈ ವಿಧಾನದಲ್ಲಿ ತಪ್ಪಾದರೆ ಅದಕ್ಕೊಂದು ಸ್ಪಷ್ಟ ಗುರುತಿದೆ. ಕಲ್ಲು ಲೋಟದ ತಳಕ್ಕೆ ಕೂತುಬಿಟ್ಟಿತು ಎಂದುಕೊಳ್ಳಿ. ಆಗ ನೂಲು ಸಡಿಲವಾಗಿ ಕಲ್ಲಿನ ಪೂರ್ತಿ ಭಾರ ತಕ್ಕಡಿಯ ಮೇಲೆ ಬೀಳುತ್ತದೆ, 57ರ ಬದಲು 152 ಬರುತ್ತದೆ, ಭಾಗಿಸಿದರೆ ಸರಿಯಾಗಿ 1.00. ಮುಳುಗುವ ವಸ್ತುವಿಗೆ ಸಾಂದ್ರತೆ 1 ಬಂತೆಂದರೆ ಬೇರೆ ಎಲ್ಲೂ ಹುಡುಕಬೇಡಿ: ಅದು ತಳಕ್ಕೆ ಕೂತಿದೆ, ಇಲ್ಲವೇ ಪುಸ್ತಕದ ಅಟ್ಟಿ ತಕ್ಕಡಿಯ ಮೇಲಿದೆ.

ಇದನ್ನೇ ಉಪಯೋಗಕ್ಕೂ ತರಬಹುದು. ತಳಕ್ಕೆ ಇಳಿಸಿದರೆ ದ್ರವ್ಯರಾಶಿ, ಎತ್ತಿ ತೂಗುಹಾಕಿದರೆ ಗಾತ್ರ. ಒಂದೇ ಲೋಟ, ಒಂದೇ ತಕ್ಕಡಿ, ನೂಲನ್ನು ಎರಡು ಅಂಗುಲ ಮೇಲೆ ಕೆಳಗೆ ಮಾಡಿದರೆ ಎರಡೂ ಅಂಕಿ ಸಿಗುತ್ತವೆ. ಮಕ್ಕಳಿಗೆ ತೋರಿಸುವುದಾದರೆ ಸೂತ್ರ ಬರೆಸುವುದಕ್ಕಿಂತ ಮೊದಲು ಇದನ್ನು ತೋರಿಸಿ.

### ನೀರು ಹೀರುವ ವಸ್ತು

ಇಟ್ಟಿಗೆ ಚೂರನ್ನು ತೂಗುಹಾಕಿದರೆ ಗುಳ್ಳೆಗಳು ಸಾಲಾಗಿ ಏಳುತ್ತವೆ, ತಕ್ಕಡಿಯ ಅಂಕಿ ನಿಲ್ಲದೆ ಇಳಿಯುತ್ತಾ ಹೋಗುತ್ತದೆ. ಲೋಟದ ನೀರು ಇಟ್ಟಿಗೆಯೊಳಗೆ ಸೇರಿ, ಅದರ ಭಾರವನ್ನು ಈಗ ನೂಲು ಹೊರುತ್ತಿದೆ. ಯಾವ ಕ್ಷಣದ ಅಂಕಿಯನ್ನು ನಂಬಬೇಕು? ಯಾವುದನ್ನೂ ಅಲ್ಲ. ಒಣ ದ್ರವ್ಯರಾಶಿ ತೆಗೆದುಕೊಂಡು, ಚೂರನ್ನು ಒಂದು ದಿನ ಪೂರ್ತಿ ನೆನೆಹಾಕಿ, ಮೇಲಿನ ನೀರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ತೂಗುಹಾಕಿ ಗಾತ್ರ ಓದಿ. ಒಣಗಿದ್ದಾಗಿನ ದ್ರವ್ಯರಾಶಿಯನ್ನು ನೆನೆದಾಗಿನ ಗಾತ್ರದಿಂದ ಭಾಗಿಸಿದರೆ ರಂಧ್ರಗಳೂ ಸೇರಿದ ಸಾಂದ್ರತೆ ಸಿಗುತ್ತದೆ.

### ನೀರಿನಲ್ಲಿ ಕರಗುವ ವಸ್ತು

ಕಲ್ಲುಸಕ್ಕರೆಗೆ ನೀರು ಆಗದು, ಅಡುಗೆ ಎಣ್ಣೆ ಬಳಸಿ. ಹರಳುಗಳ ನಡುವೆ ನೂಲು ಮೊದಲೇ ಇರುತ್ತದೆ, ಕಟ್ಟುವ ಕೆಲಸವೂ ಇಲ್ಲ. ಈಗ ತಕ್ಕಡಿಯ ಅಂಕಿ ಸರಿದ ಎಣ್ಣೆಯ ಗ್ರಾಂ ಆಗಿರುತ್ತದೆ, ಅದನ್ನು ಎಣ್ಣೆಯ ಸಾಂದ್ರತೆಯಿಂದ (ಸುಮಾರು 0.91, ಅಳೆಯುವ ಬಗೆ ಹಂತ 6ರಲ್ಲಿದೆ) ಭಾಗಿಸಿದರೆ ಗಾತ್ರ. 40 ಗ್ರಾಂ ತುಂಡಿಗೆ 23 ಬಂದರೆ, 23 ÷ 0.91 = 25.3 ಮಿ.ಲೀ.; ಸಾಂದ್ರತೆ 1.58. ಸಕ್ಕರೆ ಹರಳಿನದು 1.59. ಈ ಭಾಗಾಕಾರ ಮರೆತರೆ 1.74 ಬರುತ್ತದೆ, ಮರೆಯುವವರೇ ಹೆಚ್ಚು.

## ಹಂತ 5: ತೇಲುವ ವಸ್ತು

ಮರದ ತುಂಡನ್ನು ತೂಗುಹಾಕಲು ಬರುವುದಿಲ್ಲ, ಒತ್ತಿ ಹಿಡಿಯಬೇಕು. ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ತುಂಡನ್ನು ಸುಮ್ಮನೆ ತೇಲಿಬಿಡಿ. ತಕ್ಕಡಿ ತೋರಿಸುವುದು ಅದರ ದ್ರವ್ಯರಾಶಿ. ಈಗ ಎರಡು ಹೆಣಿಗೆ ಕಡ್ಡಿಗಳ ತುದಿಯಿಂದ ತುಂಡು ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಹೋಗುವಂತೆ ಒತ್ತಿ. ಆಗ ತಕ್ಕಡಿ ತೋರಿಸುವ ಪೂರ್ತಿ ಅಂಕಿಯೇ ಗಾತ್ರ. ತೇಗದ ತುಂಡೊಂದು ತೇಲುವಾಗ 46, ಒತ್ತಿದಾಗ 68 ತೋರಿಸಿದರೆ ಸಾಂದ್ರತೆ 0.68.

ಬೆರಳಿನಿಂದ ಒತ್ತಬೇಡಿ. ನೀರಿಗೆ ಇಳಿದ ಬೆರಳಿನ ತುದಿಯೇ ಮೂರ್ನಾಲ್ಕು ಮಿ.ಲೀ. ಸೇರಿಸುತ್ತದೆ. ಇನ್ನೂ ಕೆಳಕ್ಕೆ ಒತ್ತಿದರೆ ಅಂಕಿ ಇನ್ನೂ ಏರೀತೆಂಬ ಅನುಮಾನವಿದ್ದರೆ ಒತ್ತಿ ನೋಡಿ: ತಳ ಮುಟ್ಟುವವರೆಗೆ ಏರುವುದಿಲ್ಲ, ಪೂರ್ತಿ ಮುಳುಗಿದ ಮೇಲೆ ಆಳಕ್ಕೂ ಅಂಕಿಗೂ ಸಂಬಂಧವಿಲ್ಲ. ಬಣ್ಣ ಅಥವಾ ಪಾಲಿಶ್ ಇಲ್ಲದ ಮರ ನೀರು ಹೀರುವ ಮೊದಲು, ಅರ್ಧ ನಿಮಿಷದೊಳಗೆ ಓದಿಬಿಡಿ.

## ಹಂತ 6: ದ್ರವಗಳು

ಇಲ್ಲಿ ಗೆರೆಗಳ ಗೊಡವೆಯೇ ಬೇಡ. ಕಿರಿದಾದ ಕತ್ತಿನ ಚಿಕ್ಕ ಬಾಟಲಿಗೆ ಒಂದು ಗುರುತು ಹಾಕಿ. ಖಾಲಿ ಬಾಟಲಿ, ಗುರುತಿನವರೆಗೆ ನೀರು, ಅದೇ ಗುರುತಿನವರೆಗೆ ನಿಮ್ಮ ದ್ರವ, ಹೀಗೆ ಮೂರು ಸಲ ತೂಗಿ. ಖಾಲಿ 24, ನೀರಿನೊಂದಿಗೆ 274, ಎಣ್ಣೆಯೊಂದಿಗೆ 252 ಎಂದುಕೊಳ್ಳಿ. ನೀರು 250 ಗ್ರಾಂ, ಎಣ್ಣೆ 228. ಅನುಪಾತ 0.912. ಇದು ನೀರಿಗೆ ಹೋಲಿಸಿದ ಸಾಪೇಕ್ಷ ಸಾಂದ್ರತೆ, ಇದಕ್ಕೆ ಏಕಮಾನವಿಲ್ಲ. 30 ಡಿಗ್ರಿ ನೀರಿನ ಸಾಂದ್ರತೆಯಾದ 0.9957ರಿಂದ ಗುಣಿಸಿದರೆ ಪ್ರತಿ ಮಿ.ಲೀ.ಗೆ 0.908 ಗ್ರಾಂ. ಅಂಗಡಿಯ 1 ಲೀಟರ್ ಎಣ್ಣೆ ಪೊಟ್ಟಣಗಳ ಮೇಲೆ 910 ಗ್ರಾಂ ಎಂದು ಬರೆದಿರುವುದನ್ನು ನೋಡಿರುತ್ತೀರಿ, ಅದೂ ಈ ಲೆಕ್ಕವೇ. 1 ಲೀಟರ್ ಎಂದರೆ 1 ಕಿಲೋ ಎಂಬುದು ನೀರಿಗೆ ಮಾತ್ರ ಸಲ್ಲುವ ಮಾತು.

ಕ್ರಮ ಹೀಗಿರಲಿ: ಖಾಲಿ, ನೀರು, ಚೆನ್ನಾಗಿ ಒಣಗಿಸುವುದು, ಕೊನೆಗೆ ಎಣ್ಣೆ. ಎಣ್ಣೆ ಮೊದಲಾದರೆ ಗೋಡೆಗೆ ಅಂಟಿದ ಜಿಡ್ಡು ಹೋಗುವುದಿಲ್ಲ. ದ್ರವ ಸ್ವಲ್ಪವೇ ಇದ್ದರೆ ಸಿರಿಂಜ್ ಬಳಸಿ. ಮೊದಲು ಖಾಲಿ ಸಿರಿಂಜ್, ಆಮೇಲೆ 10 ಮಿ.ಲೀ. ತುಂಬಿದ್ದು, ಮೂತಿಯಲ್ಲಿ ಗಾಳಿ ಉಳಿಯಬಾರದು. ಜೇನುತುಪ್ಪದಂಥ ಮಂದ ದ್ರವದಲ್ಲಿ ಗುಳ್ಳೆ ಏಳಲು ಗಂಟೆಗಳೇ ಬೇಕು; ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ, ಗುಳ್ಳೆ ಹೋದ ಮೇಲೆ ಕೋಣೆಯ ಬಿಸಿಗೆ ಇಳಿಯಲು ಬಿಟ್ಟು ತೂಗಿ. ಜೇನು 1.4ರ ಆಸುಪಾಸು ಬರಬೇಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಮಲೆನಾಡಿನ ಚಳಿಗಾಲದ ಬೆಳಗ್ಗೆ ಅಳೆಯುವವರು ಮೊದಲು ಕರಗಿಸಿಕೊಳ್ಳಿ.

ಹಾಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹಾಲಿನ ಸಾಂದ್ರತೆ ಸುಮಾರು 1.03. ನೀರು ಬೆರೆಸಿದರೆ ಇಳಿಯುತ್ತದೆ, ಲ್ಯಾಕ್ಟೋಮೀಟರ್ ಅದನ್ನು ಹಿಡಿಯುತ್ತದೆ. ಆದರೆ ಕೊಬ್ಬು ನೀರಿಗಿಂತ ಹಗುರ. ಕೆನೆ ತೆಗೆದರೆ ಸಾಂದ್ರತೆ ಏರುತ್ತದೆ. ಕೆನೆ ತೆಗೆದು, ಅದಕ್ಕೆ ತಕ್ಕಷ್ಟೇ ನೀರು ಸೇರಿಸಿದ ಹಾಲು ಮತ್ತೆ 1.03 ತೋರಿಸಬಲ್ಲದು. ಸಾಂದ್ರತೆ ತಪ್ಪಾಗಿದ್ದರೆ ಹಾಲು ಬೆರಕೆಯೆಂದು ಅನುಮಾನಿಸಬಹುದು, ಸರಿಯಿದ್ದರೆ ಶುದ್ಧ ಎನ್ನಲು ಬರುವುದಿಲ್ಲ.

## ಹಂತ 7: ಕಾಳು, ಹಿಟ್ಟು, ಮರಳು

ಇವಕ್ಕೆ ಎರಡೆರಡು ಸಾಂದ್ರತೆ. ಲೋಟಕ್ಕೆ ಸುರಿದಾಗ ಕಾಳುಗಳ ನಡುವಿನ ಗಾಳಿಯೂ ಗಾತ್ರದಲ್ಲಿ ಸೇರುತ್ತದೆ, ಅದು ರಾಶಿ ಸಾಂದ್ರತೆ. ಕಾಳಿನ ಮೈಯನ್ನಷ್ಟೇ ಗಣಿಸಿದರೆ ನಿಜ ಸಾಂದ್ರತೆ. ಒಣ ಮರಳಿಗೆ ಮೊದಲನೆಯದು 1.5ರಿಂದ 1.6, ಎರಡನೆಯದು 2.65ರ ಹತ್ತಿರ. ‘ನನ್ನ ಮರಳಿಗೆ ಪುಸ್ತಕದ ಅಂಕಿ ಬರಲೇ ಇಲ್ಲ’ ಎನ್ನುವವರು ಅಳೆದಿರುವುದು ಮೊದಲನೆಯದನ್ನು, ನೋಡುತ್ತಿರುವುದು ಎರಡನೆಯದನ್ನು.

ಅಡುಗೆಯ ಗಡಿಬಿಡಿಯ ಮೂಲವೂ ಇದೇ. ಪಾವು, ಲೋಟ ಇವು ಗಾತ್ರದ ಅಳತೆಗಳು. ಒಂದು ಪಾವು ಅಕ್ಕಿಯೂ ಒಂದು ಪಾವು ತೆಳು ಅವಲಕ್ಕಿಯೂ ಸಮ ತೂಗುವುದಿಲ್ಲ. ರಾಗಿ ಹಿಟ್ಟನ್ನು ಜರಡಿ ಹಿಡಿದು ಹಗುರವಾಗಿ ತುಂಬಿದ ಲೋಟಕ್ಕೂ, ಕುಟ್ಟಿ ಒತ್ತಿ ತುಂಬಿದ ಲೋಟಕ್ಕೂ ಅಜಗಜಾಂತರ. ರಾಶಿ ಸಾಂದ್ರತೆ ಹೇಳುವಾಗ ಹೇಗೆ ತುಂಬಿದಿರಿ ಎಂಬುದನ್ನೂ ಬರೆಯಬೇಕು.

ನಿಜ ಸಾಂದ್ರತೆಗೆ: 100 ಗ್ರಾಂ ಒಣ ಮರಳನ್ನು 50 ಮಿ.ಲೀ. ನೀರಿರುವ ಜಾಡಿಗೆ ಸುರಿಯಿರಿ. ನೀರಿಗೆ ಮರಳನ್ನು ಹಾಕಬೇಕು, ಮರಳಿಗೆ ನೀರನ್ನಲ್ಲ. ತಿರುಗಿಸಿ ಮಾಡಿದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ತಂತಿಯಿಂದ ಕಲಕಿ ಗುಳ್ಳೆ ಬಿಡಿಸಿ. ನೀರು 88ರ ಸಮೀಪಕ್ಕೆ ಬಂದರೆ ಗಾತ್ರ 38, ಸಾಂದ್ರತೆ 2.63. ಸಕ್ಕರೆ, ಉಪ್ಪಿಗೆ ನೀರಿನ ಬದಲು ಎಣ್ಣೆ. ಅಕ್ಕಿ ನೀರು ಹೀರುವುದರಿಂದ ತಡಮಾಡದೆ ಓದಿ.

## ಹಂತ 8: ಭಾಗಾಕಾರ ಮತ್ತು ಏಕಮಾನ

ಪ್ರತಿ ಮಿ.ಲೀ.ಗೆ ಗ್ರಾಂ, ಪ್ರತಿ ಲೀಟರ್‌ಗೆ ಕಿಲೋಗ್ರಾಂ ಎರಡೂ ಒಂದೇ ಅಂಕಿ. ಪ್ರತಿ ಘನ ಮೀಟರ್‌ಗೆ ಕಿಲೋಗ್ರಾಂ ಬೇಕಾದರೆ 1000ದಿಂದ ಗುಣಿಸಿ: 2.66 ಎಂಬುದು 2660 ಆಗುತ್ತದೆ. 1 ಘನ ಮೀಟರ್‌ನಲ್ಲಿ 100 ಘನ ಸೆಂಟಿಮೀಟರ್ ಇದೆ ಎಂದುಕೊಂಡು ಎಡವುವವರಿದ್ದಾರೆ; ಇರುವುದು 10,00,000.

ತಿರುಗಿಸಿ ಭಾಗಿಸಿದ್ದೀರಾ ಎಂದು ತಿಳಿಯಲು ನೀರಿನಲ್ಲಿ ಏನಾಯಿತು ಎಂದು ನೆನಪಿಸಿಕೊಳ್ಳಿ. ಮುಳುಗಿದ್ದರೆ 1ಕ್ಕಿಂತ ಹೆಚ್ಚು, ತೇಲಿದ್ದರೆ ಕಡಿಮೆ. ಕಲ್ಲಿಗೆ 0.38 ಬಂದಿದ್ದರೆ ಗಾತ್ರವನ್ನು ದ್ರವ್ಯರಾಶಿಯಿಂದ ಭಾಗಿಸಿದ್ದೀರಿ. ಇನ್ನು ಕ್ಯಾಲ್ಕುಲೇಟರ್ 2.6666667 ತೋರಿಸಿತೆಂದು ಅಷ್ಟನ್ನೂ ಬರೆಯಬೇಡಿ. 1 ಗ್ರಾಂ ತಕ್ಕಡಿಯಲ್ಲಿ 57 ಎಂದು ಓದಿದವರಿಗೆ 2.67ರ ಕೊನೆಯ ಅಂಕಿಯೇ ಅನುಮಾನ.

## ಹಂತ 9: ಗೆರೆ ಎಳೆದು ಪರೀಕ್ಷಿಸಿ

ಒಂದೇ ವಸ್ತುವಿನ ಬೇರೆ ಬೇರೆ ಪ್ರಮಾಣ ಅಳೆಯಿರಿ: 10, 20, 30, 40 ನಾಣ್ಯ. ಚೌಕುಳಿ ಕಾಗದದಲ್ಲಿ ಅಡ್ಡಕ್ಕೆ ಗಾತ್ರ, ಉದ್ದಕ್ಕೆ ದ್ರವ್ಯರಾಶಿ ಗುರುತಿಸಿ. ಚುಕ್ಕೆಗಳು ನೇರ ಗೆರೆಯಲ್ಲಿ ಬೀಳಬೇಕು, ಗೆರೆಯ ಇಳಿಜಾರೇ, ಅಂದರೆ ಪ್ರತಿ ಮಿ.ಲೀ.ಗೆ ಅದು ಎಷ್ಟು ಗ್ರಾಂ ಏರುತ್ತದೆ ಎಂಬುದೇ, ಸಾಂದ್ರತೆ.

ಗೆರೆಯನ್ನು ಹಿಂದಕ್ಕೆ ಎಳೆದಾಗ ಎಲ್ಲಿ ತಾಗುತ್ತದೆ ನೋಡಿ. ಸೊನ್ನೆಗೇ ಬಂದರೆ ಸರಿ. ಗಾತ್ರ ಸೊನ್ನೆ ಇರುವಾಗಲೂ 12 ಗ್ರಾಂ ತೋರಿಸುತ್ತಿದ್ದರೆ ಪ್ರತಿ ಸಲವೂ 12 ಗ್ರಾಂನ ಏನೋ ಒಂದನ್ನು, ಹೆಚ್ಚಾಗಿ ನಾಣ್ಯ ಇಟ್ಟ ಬಟ್ಟಲನ್ನು, ಸೇರಿಸಿ ತೂಗಿದ್ದೀರಿ. ದ್ರವ್ಯರಾಶಿ ಸೊನ್ನೆ ಇರುವಾಗ ಗಾತ್ರ 2 ಮಿ.ಲೀ. ತೋರಿಸಿದರೆ ಜಾಡಿಯ ಮೊದಲ ಓದು ತಪ್ಪು. ಇಂಥ ತಪ್ಪಿದ್ದರೂ ಇಳಿಜಾರು ಕೆಡುವುದಿಲ್ಲ, ಸಾಂದ್ರತೆ ಸರಿಯಾಗಿಯೇ ಸಿಗುತ್ತದೆ. ಒಂದೇ ಒಂದು ಅಳತೆಯನ್ನು ಭಾಗಿಸಿದವರಿಗೆ ಆ ಅನುಕೂಲವಿಲ್ಲ.

## ಎಚ್ಚರಿಕೆಯ ಗುರುತುಗಳು

ಉತ್ತರ ಇರಬೇಕಾದ್ದಕ್ಕಿಂತ ಕಡಿಮೆ: ಗುಳ್ಳೆ ಉಳಿದಿದೆ, ಅಥವಾ ವಸ್ತುವಿನೊಳಗೆ ಟೊಳ್ಳಿದೆ, ಅಥವಾ ತೂಗುಹಾಕಿದ್ದು ಗೋಡೆಗೆ ಒರಗಿದೆ.

ಉತ್ತರ ಹೆಚ್ಚು: ನೀರು ಸಿಡಿದು ಹೊರಹೋಗಿದೆ, ತುದಿ ನೀರಿನಿಂದ ಹೊರಗಿದೆ, ವಸ್ತು ನೀರು ಹೀರಿದೆ, ಅಥವಾ ಒದ್ದೆಯಿದ್ದಾಗ ತೂಗಿದ್ದೀರಿ.

ಅಂಕಿ ನಿಲ್ಲುವುದೇ ಇಲ್ಲ: ವಸ್ತು ತೂಗಾಡುತ್ತಿದೆ, ಫ್ಯಾನ್ ಓಡುತ್ತಿದೆ, ಅಥವಾ ಬ್ಯಾಟರಿ ಮುಗಿಯುತ್ತಾ ಬಂದಿದೆ.

ಹೋಲಿಸಲು ಕೆಲವು ಅಂಕಿಗಳು, ಎಲ್ಲವೂ ಪ್ರತಿ ಮಿ.ಲೀ.ಗೆ ಗ್ರಾಂನಲ್ಲಿ: ಮಂಜುಗಡ್ಡೆ 0.917, ಗ್ಲಿಸರಿನ್ 1.26, ಅಲ್ಯೂಮಿನಿಯಂ 2.70, ಕಬ್ಬಿಣ 7.87, ಹಿತ್ತಾಳೆ 8.4ರಿಂದ 8.7, ತಾಮ್ರ 8.96, ಬೆಳ್ಳಿ 10.49, ಸೀಸ 11.34, ಚಿನ್ನ 19.3.

## ಉಂಗುರವನ್ನು ಹೀಗೆ ಪರೀಕ್ಷಿಸಬಹುದೇ?

ಪಟ್ಟಿಯಲ್ಲಿ ಚಿನ್ನ ಕಂಡೊಡನೆ ಏಳುವ ಪ್ರಶ್ನೆ ಇದು. 22 ಕ್ಯಾರೆಟ್ ಚಿನ್ನದ ಸಾಂದ್ರತೆ 17.7ರ ಆಸುಪಾಸು. 4 ಗ್ರಾಂ ಉಂಗುರದ ಗಾತ್ರ ಬರೀ 0.23 ಮಿ.ಲೀ. ಅಡುಗೆಮನೆ ತಕ್ಕಡಿಯಲ್ಲಿ ಅದು ಸೊನ್ನೆ. 0.01 ಗ್ರಾಂ ತಕ್ಕಡಿಯಲ್ಲಿ ತೂಗುಹಾಕಿದರೂ ಕೊನೆಯ ಅಂಕಿ ಒಂದು ಆಚೀಚೆಯಾದರೆ 0.22ಕ್ಕೆ 18.2, 0.24ಕ್ಕೆ 16.7 ಬರುತ್ತದೆ. ಅಂದರೆ ಹಿತ್ತಾಳೆಗೆ ಚಿನ್ನದ ಲೇಪ ಹಾಕಿದ್ದನ್ನು ಖಂಡಿತ ಹಿಡಿಯುತ್ತೀರಿ, 22 ಮತ್ತು 20 ಕ್ಯಾರೆಟ್ ನಡುವಿನ ವ್ಯತ್ಯಾಸವನ್ನು ಹಿಡಿಯಲಾರಿರಿ. 40 ಗ್ರಾಂ ಬಳೆಯಾದರೆ ಅದೇ ತಕ್ಕಡಿ ಹತ್ತು ಪಟ್ಟು ಚೆನ್ನಾಗಿ ಹೇಳುತ್ತದೆ, ಬಳೆ ಟೊಳ್ಳಾಗಿಲ್ಲದಿದ್ದರೆ, ಅರಗು ತುಂಬಿಲ್ಲದಿದ್ದರೆ, ಕಲ್ಲು ಕೂರಿಸಿಲ್ಲದಿದ್ದರೆ.

ಅಪರಂಜಿ ಗಟ್ಟಿಯ ವಿಷಯದಲ್ಲಿ ಇದೂ ಸಾಲದು. ಟಂಗ್‌ಸ್ಟನ್‌ನ ಸಾಂದ್ರತೆ 19.25, ಚಿನ್ನಕ್ಕೆ ಅಂಟಿಕೊಂಡೇ ಇದೆ. ಒಳಗೆ ಟಂಗ್‌ಸ್ಟನ್ ಇಟ್ಟು ಮೇಲೆ ಚಿನ್ನ ಹೊದಿಸಿದ ಗಟ್ಟಿಯನ್ನು ನೀರಿನ ಲೋಟ ಬೇರ್ಪಡಿಸಿ ಹೇಳದು.